ಮೊದಲು ಚಿಕ್ಕ ಬಾಹು: 45-45-90 ಮತ್ತು 30-60-90 ತ್ರಿಭುಜಗಳಲ್ಲಿ ಗೊತ್ತಿಲ್ಲದ ಉದ್ದ ಕಂಡುಹಿಡಿಯುವ ಸಮಗ್ರ ಮಾರ್ಗದರ್ಶಿ

ಕಂಪಾಸ್ ಬಾಕ್ಸ್ ತೆರೆದು ಎರಡೂ ಮೂಲೆಮಟ್ಟಗಳನ್ನು ಮೇಜಿನ ಮೇಲಿಡಿ. ಒಂದು ಅಗಲ, ಅದರ ಎರಡು ಬದಿ ಸಮಸಮ. ಇನ್ನೊಂದು ಸಪೂರ, ಉದ್ದ. ಮೊದಲನೆಯದರ ಕೋನಗಳು 45, 45, 90 ಡಿಗ್ರಿ. ಎರಡನೆಯದರದ್ದು 30, 60, 90. ಲಂಬಕೋನ ತ್ರಿಭುಜಗಳು ಲೆಕ್ಕವಿಲ್ಲದಷ್ಟಿವೆ, ಆದರೆ ಪೆಟ್ಟಿಗೆಯಲ್ಲಿರುವುದು ಈ ಎರಡೇ. ಇವುಗಳ ವಿಶೇಷ ಏನೆಂದರೆ, ಒಂದೇ ಒಂದು ಬಾಹುವಿನ ಉದ್ದ ಗೊತ್ತಿದ್ದರೆ ಸಾಕು, ಉಳಿದೆರಡನ್ನು ಯಾವ ಕೋಷ್ಟಕವೂ ಇಲ್ಲದೆ ಹೇಳಬಹುದು.

ಉಡುಪಿಯಲ್ಲಿ ಹತ್ತನೇ ಕ್ಲಾಸಿನ ಮಕ್ಕಳಿಗೆ ಗಣಿತ ಹೇಳಿಕೊಡುವಾಗ ನನಗೆ ಮತ್ತೆ ಮತ್ತೆ ಕಾಣುವ ತೊಂದರೆ ಒಂದೇ. 1 : 1 : √2 ಮತ್ತು 1 : √3 : 2 ಎಂಬ ಅನುಪಾತಗಳು ಎಲ್ಲರಿಗೂ ಬಾಯಿಪಾಠ. ಆದರೆ ಲೆಕ್ಕ ಎದುರಿಗೆ ಬಂದಾಗ √3ರಿಂದ ಗುಣಿಸಬೇಕೋ ಭಾಗಿಸಬೇಕೋ ಎಂದು ಪೆನ್ನು ನಿಂತುಬಿಡುತ್ತದೆ. ಎಷ್ಟು ಬಾಯಿಪಾಠ ಮಾಡಿದರೂ ಈ ಗೊಂದಲ ಹೋಗುವುದಿಲ್ಲ. ಹೋಗಬೇಕಾದರೆ ಒಂದು ಅಭ್ಯಾಸ ಬೇಕು: ಲೆಕ್ಕ ಯಾವುದೇ ಇರಲಿ, ಮೊದಲು ಚಿಕ್ಕ ಬಾಹು ಕಂಡುಹಿಡಿಯುವುದು, ಅಲ್ಲಿಂದ ಉಳಿದದ್ದಕ್ಕೆ ಹೋಗುವುದು. ಈ ಬರಹದ ಉದ್ದಕ್ಕೂ ನಾನು ಹಿಡಿಯುವ ದಾರಿ ಇದೊಂದೇ.

ಮೊದಲ ಹೆಜ್ಜೆ: ಬಾಹುಗಳನ್ನು ಗುರುತಿಸುವುದು

ಚಿತ್ರ ಬರೆಯಿರಿ. 90 ಡಿಗ್ರಿಯ ಎದುರು ಇರುವುದು ವಿಕರ್ಣ. ಅದೇ ಅತಿ ಉದ್ದದ ಬಾಹು. 30-60-90ರಲ್ಲಿ 30 ಡಿಗ್ರಿಯ ಎದುರು ಇರುವುದು ಚಿಕ್ಕ ಬಾಹು, 60 ಡಿಗ್ರಿಯ ಎದುರು ಇರುವುದು ನಡುವಿನ ಬಾಹು. ಚಿಕ್ಕ ಕೋನದ ಎದುರು ಚಿಕ್ಕ ಬಾಹು, ದೊಡ್ಡ ಕೋನದ ಎದುರು ದೊಡ್ಡ ಬಾಹು, ಅಷ್ಟೇ. 45-45-90ರಲ್ಲಿ ಚಿಕ್ಕವು ಎರಡು, ಎರಡೂ ಸಮ.

ಕಣ್ಣಳತೆ ನಂಬಬೇಡಿ. ಪ್ರಶ್ನೆಪತ್ರಿಕೆಯ ಚಿತ್ರ ತಿರುಗಿಸಿ ಕೊಟ್ಟಿರಬಹುದು, ಅಳತೆಗೆ ಸರಿಯಾಗಿ ಇಲ್ಲದೆಯೂ ಇರಬಹುದು. ಕೋನದಿಂದ ಎದುರು ಬದಿಗೆ ಬೆರಳಿಟ್ಟು ನೋಡಿ, ಪ್ರತಿ ಬಾಹುವಿನ ಪಕ್ಕ ಪೆನ್ಸಿಲಿನಲ್ಲಿ "ಚಿಕ್ಕ", "ನಡು", "ವಿಕರ್ಣ" ಎಂದು ಬರೆಯಿರಿ. ಇದಕ್ಕೆ ಹತ್ತು ಸೆಕೆಂಡೂ ಬೇಡ. ಆದರೆ ಅರ್ಧಕ್ಕರ್ಧ ತಪ್ಪುಗಳು ಇಲ್ಲೇ ನಿಲ್ಲುತ್ತವೆ.

45-45-90: ಚೌಕದ ಅರ್ಧ

ಒಂದು ಚೌಕವನ್ನು ಕರ್ಣದ (ಮೂಲೆಯಿಂದ ಎದುರು ಮೂಲೆಗೆ ಎಳೆದ ಗೆರೆಯ) ಗುಂಟ ಕತ್ತರಿಸಿದರೆ ಸಿಗುವುದೇ ಈ ತ್ರಿಭುಜ. ಚೌಕದ ಬದಿ 1 ಆದರೆ ಪೈಥಾಗೊರಸ್ ಪ್ರಮೇಯದಂತೆ 1² + 1² = 2. ಅಂದರೆ ವಿಕರ್ಣ √2, ಸುಮಾರು 1.414. ಬದಿ 5 ಆದರೆ ವಿಕರ್ಣ 5√2. ಬದಿ ಎಷ್ಟಿದ್ದರೂ ಅದನ್ನು √2ರಿಂದ ಗುಣಿಸಿದರೆ ವಿಕರ್ಣ. ವಿಕರ್ಣ ಕೊಟ್ಟಿದ್ದರೆ √2ರಿಂದ ಭಾಗಿಸಿದರೆ ಬದಿ. ಈ ತ್ರಿಭುಜದಲ್ಲಿ ಮಾಡಬೇಕಾದ್ದು ಇವೆರಡೇ.

ನಮ್ಮ ಕಡೆ ಕೊಯ್ಲು ಮುಗಿದ ಗದ್ದೆಯಲ್ಲಿ ವಾಲಿಬಾಲ್ ಅಂಕಣ ಹಾಕುವುದನ್ನು ನೋಡಿದ್ದೀರಲ್ವಾ? ಅಂಕಣ 18 ಮೀಟರ್ ಉದ್ದ, 9 ಮೀಟರ್ ಅಗಲ. ನೆಟ್ ನಡುವೆ ಬಂದಾಗ ಒಂದೊಂದು ಬದಿಯೂ 9 ಮೀಟರಿನ ಸರಿಯಾದ ಚೌಕ. ಟೇಪು ಹಿಡಿದು ನಾಲ್ಕೂ ಬದಿ 9 ಮೀಟರ್ ಅಳೆದರೆ ಚೌಕ ಆಯಿತು ಅಂದುಕೊಳ್ಳುವವರು ಜಾಸ್ತಿ. ಆಗುವುದಿಲ್ಲ. ನಾಲ್ಕು ಬದಿ ಸಮ ಇದ್ದೂ ಮೂಲೆ ಓರೆಯಾಗಬಹುದು. ಕರ್ಣವನ್ನೂ ಅಳೆಯಬೇಕು. ಅದು 9√2, ಅಂದರೆ 12.73 ಮೀಟರ್ ಬರಬೇಕು.

ಮಾಡುವ ಕ್ರಮ ಹೀಗೆ. ಮೊದಲು ಒಂದು ಬದಿಗೆ 9 ಮೀಟರ್ ಅಂತರದಲ್ಲಿ ಎರಡು ಗೂಟ ಹೊಡೆಯಿರಿ. ಒಂದು ಗೂಟದಿಂದ 9 ಮೀಟರಿಗೆ ಒಂದು ಟೇಪು ಎಳೆಯಿರಿ, ಇನ್ನೊಂದು ಗೂಟದಿಂದ 12.73 ಮೀಟರಿಗೆ ಇನ್ನೊಂದು ಟೇಪು ಎಳೆಯಿರಿ. ಎರಡೂ ಟೇಪು ಬಿಗಿಯಾಗಿ ಕೂಡುವ ಜಾಗ ಮೂರನೇ ಮೂಲೆ. ನಾಲ್ಕನೆಯದೂ ಹಾಗೆಯೇ. ಇಲ್ಲಿ ಕೋನಮಾಪಕಕ್ಕೆ ಕೆಲಸವೇ ಇಲ್ಲ.

√2ರ ಬೆಲೆ ನಮ್ಮವರಿಗೆ ಬಹಳ ಹಿಂದೆಯೇ ಗೊತ್ತಿತ್ತು. ಯಜ್ಞವೇದಿಯ ಅಳತೆಗಳನ್ನು ಹೇಳುವ ಬೌಧಾಯನ ಶುಲ್ಬಸೂತ್ರದಲ್ಲಿ ಚೌಕದ ಕರ್ಣ ಕಂಡುಹಿಡಿಯುವ ಕ್ರಮ ಹೀಗಿದೆ: ಬದಿಗೆ ಅದರ ಮೂರನೇ ಒಂದು ಪಾಲು ಸೇರಿಸಿ, ಆ ಪಾಲಿನ ನಾಲ್ಕನೇ ಒಂದು ಪಾಲು ಸೇರಿಸಿ, ಈ ಕೊನೆಯ ಪಾಲಿನ 34ನೇ ಒಂದು ಪಾಲು ಕಳೆಯಿರಿ. ಲೆಕ್ಕ ಹಾಕಿದರೆ 577/408, ಅಂದರೆ 1.4142157 ಬರುತ್ತದೆ. ಇಂದಿನ ಕ್ಯಾಲ್ಕುಲೇಟರ್ ಹೇಳುವುದು 1.4142136. ಈ ಬೆಲೆ ಇಟ್ಟು ವಾಲಿಬಾಲ್ ಅಂಕಣದ ಕರ್ಣ ತೆಗೆದರೆ ವ್ಯತ್ಯಾಸ ಒಂದು ಮಿಲಿಮೀಟರಿನ ಐವತ್ತನೇ ಒಂದು ಪಾಲು. ಗದ್ದೆಯ ಮಾತು ಬಿಡಿ, ಯಾವ ಟೇಪಿಗೂ ಅದು ಸಿಗಲಾರದು. ನನಗೆ ಪ್ರತಿ ಸಲವೂ ಖುಷಿ ಕೊಡುವ ಲೆಕ್ಕ ಇದು.

ಈಗ ತಿರುಗಿಸಿ ನೋಡೋಣ. ಕೋಣೆಯ ಮೂಲೆಗೆ ತ್ರಿಕೋನದ ಹಲಗೆ ಕೂರಿಸಬೇಕು, ದೇವರ ಫೋಟೋ ಇಡಲು. ಎದುರಿಗೆ ಕಾಣುವ ಅಂಚು 60 ಸೆಂ.ಮೀ. ಇರಲಿ, ಎರಡೂ ಗೋಡೆಗೆ ತಾಗುವ ಬದಿಗಳು ಸಮ ಇರಲಿ. ಗೋಡೆಯ ಬದಿ ಎಷ್ಟು ಕೊಯ್ಯಬೇಕು? 60 ಇಲ್ಲಿ ವಿಕರ್ಣ. ಬದಿ = 60 ÷ √2. ಛೇದದಲ್ಲಿ √2 ಇದೆ, ಅದನ್ನು ತೆಗೆಯಲು ಮೇಲೂ ಕೆಳಗೂ √2ರಿಂದ ಗುಣಿಸಿ. 60√2 ÷ 2 = 30√2, ಅಂದರೆ 42.4 ಸೆಂ.ಮೀ.

ಒಂದು ಸುಲಭದ ಮಾತು: ವಿಕರ್ಣ ಕೊಟ್ಟಾಗ ಅದರ ಅರ್ಧಕ್ಕೆ √2 ಅಂಟಿಸಿದರೆ ಬದಿ ಬಂತು. 60 ಇದ್ದರೆ 30√2, 10 ಇದ್ದರೆ 5√2. ಪರೀಕ್ಷೆಯಲ್ಲಿ ಹಂತ ಬರೆಯಿರಿ, ಆದರೆ ಉತ್ತರ ಸರಿಯೇ ಎಂದು ನೋಡಲು ಇದು ಸಾಕು.

30-60-90: ಸಮಬಾಹು ತ್ರಿಭುಜದ ಅರ್ಧ

ಇಲ್ಲೇ ಮಕ್ಕಳು ಎಡವುವುದು, ಹಾಗಾಗಿ ನಿಧಾನವಾಗಿ ಹೋಗೋಣ.

ಸಪೂರದ ಮೂಲೆಮಟ್ಟವನ್ನು ಪುಸ್ತಕದ ಮೇಲಿಟ್ಟು ಸುತ್ತ ಗೆರೆ ಎಳೆಯಿರಿ. ಈಗ ಅದನ್ನು ನಡುವಿನ ಬಾಹುವಿನ ಆಚೆ ಬದಿಗೆ ಮಗುಚಿ ಹಾಕಿ ಮತ್ತೆ ಗೆರೆ ಎಳೆಯಿರಿ. ಎರಡೂ ಸೇರಿ ಒಂದು ದೊಡ್ಡ ತ್ರಿಭುಜ ಆಯಿತು. ಅದರ ಕೋನಗಳನ್ನು ನೋಡಿ: ಕೆಳಗಿನ ಎರಡು ಮೂಲೆಯಲ್ಲಿ 60, 60. ಮೇಲೆ 30 ಮತ್ತು 30 ಸೇರಿ 60. ಮೂರೂ 60 ಆದ ಮೇಲೆ ಅದು ಸಮಬಾಹು ತ್ರಿಭುಜ, ಮೂರೂ ಬದಿ ಸಮ. ಕೆಳಗಿನ ಬದಿ ಎರಡು ಚಿಕ್ಕ ಬಾಹು ಸೇರಿ ಆದದ್ದು. ಓರೆಯ ಬದಿ ವಿಕರ್ಣ. ಎರಡೂ ಸಮ ಇರುವುದರಿಂದ ವಿಕರ್ಣ ಅಂದರೆ ಚಿಕ್ಕ ಬಾಹುವಿನ ಎರಡರಷ್ಟು.

ಸ್ಕೇಲಿನಲ್ಲಿ ಅಳೆದೂ ನೋಡಿ. ಮೂಲೆಮಟ್ಟದ ಮೇಲೆ ಅಚ್ಚಾದ ಗೀಟುಗಳು ಕೆಲವೊಮ್ಮೆ ತುದಿಯಿಂದ ಸ್ವಲ್ಪ ಒಳಗೆ ಶುರುವಾಗುತ್ತವೆ, ಹಾಗಾಗಿ ಪೆನ್ಸಿಲಿನ ಗೆರೆಯನ್ನೇ ಅಳೆಯಿರಿ.

ಚಿಕ್ಕ ಬಾಹು 1, ವಿಕರ್ಣ 2 ಆದರೆ ನಡುವಿನದು? 2² − 1² = 3. ಅಂದರೆ √3, ಸುಮಾರು 1.732. 1 : √3 : 2 ಎಲ್ಲಿಂದ ಬಂತು ಎಂಬುದು ಇಷ್ಟೇ. ಮರೆತುಹೋದರೆ ಭಯ ಬೇಡ, ಸಮಬಾಹು ತ್ರಿಭುಜ ಬರೆದು ಅರ್ಧ ಮಾಡಿದರೆ ಅರ್ಧ ನಿಮಿಷದಲ್ಲಿ ಮತ್ತೆ ಸಿಗುತ್ತದೆ.

ಚಿಕ್ಕ ಬಾಹು ಕೈಗೆ ಬಂದರೆ ಮುಂದಿನದು ಸುಲಭ. ಅದನ್ನು ಎರಡರಿಂದ ಗುಣಿಸಿದರೆ ವಿಕರ್ಣ, √3ರಿಂದ ಗುಣಿಸಿದರೆ ನಡುವಿನದು. ಚಿಕ್ಕದಕ್ಕೆ ವಾಪಸು ಬರುವಾಗ ಭಾಗಾಕಾರ: ವಿಕರ್ಣವನ್ನು 2ರಿಂದ, ನಡುವಿನದನ್ನು √3ರಿಂದ. ಚಿಕ್ಕದರಿಂದ ಹೊರಟರೆ ಗುಣಿಸುವುದು, ಚಿಕ್ಕದಕ್ಕೆ ಬರುವಾಗ ಭಾಗಿಸುವುದು. ವಿಕರ್ಣದಿಂದ ನೇರ ನಡುವಿನದಕ್ಕೆ ಹಾರಬೇಡಿ. ಹಾರಿದವರೇ √3/2 ಮತ್ತು 2/√3 ನಡುವೆ ಸಿಕ್ಕಿಬೀಳುವುದು.

*ವಿಕರ್ಣ ಕೊಟ್ಟಾಗ.* ಕೆಂಪು ಕಲ್ಲಿನ ಗೋಡೆಗೆ 4 ಮೀಟರಿನ ಏಣಿ ಒರಗಿಸಿದ್ದೀರಿ, ನೆಲದೊಂದಿಗೆ 60 ಡಿಗ್ರಿ. ಏಣಿ ವಿಕರ್ಣ. ಮೇಲಿನ ಕೋನ 30, ಅದರ ಎದುರು ಇರುವುದು ನೆಲದ ಅಂತರ. ಹಾಗಾದರೆ ನೆಲದ ಅಂತರವೇ ಚಿಕ್ಕ ಬಾಹು: 4 ÷ 2 = 2 ಮೀಟರ್. ಏಣಿ ಮುಟ್ಟುವ ಎತ್ತರ ನಡುವಿನ ಬಾಹು: 2√3 = 3.46 ಮೀಟರ್.

*ನಡುವಿನದು ಕೊಟ್ಟಾಗ.* ಇದು ಎಲ್ಲಕ್ಕಿಂತ ಕಷ್ಟದ್ದು, ಆದರೆ ನಮ್ಮೂರಿನಲ್ಲಿ ಎಲ್ಲಕ್ಕಿಂತ ಹೆಚ್ಚು ಕಣ್ಣಿಗೆ ಬೀಳುವಂಥದ್ದು. ಹಂಚಿನ ಮಾಡು ನೋಡಿ. ಬಾಸೆಲ್ ಮಿಶನ್‌ನವರು 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದ ಮೇಲೆ ಕರಾವಳಿಯ ಮನೆಗಳ ಮೇಲೆ ಈ ಕೆಂಪು ಹಂಚು ಹರಡಿತು. ನಮ್ಮ ಮಳೆಗೆ ನೀರು ನಿಲ್ಲದೆ ಇಳಿಯಬೇಕಾದರೆ ಮಾಡಿಗೆ ಇಳಿಜಾರು ಬೇಕು. ಇಳಿಜಾರು 30 ಡಿಗ್ರಿ ಎಂದಿಟ್ಟುಕೊಳ್ಳೋಣ. ಮನೆಯ ಅಗಲ ಗೋಡೆಯಿಂದ ಗೋಡೆಗೆ 6 ಮೀಟರ್. ಮಾಡಿನ ನೆತ್ತಿ ಸರಿಯಾಗಿ ನಡುವೆ. ಹಾಗಾದರೆ ಗೋಡೆಯಿಂದ ನಡುವಿಗೆ ಅಡ್ಡಳತೆ 3 ಮೀಟರ್. ಪಕಾಸು, ಅಂದರೆ ಗೋಡೆಯಿಂದ ನೆತ್ತಿಗೆ ಓರೆಯಾಗಿ ಏರುವ ಮರ, ಎಷ್ಟು ಉದ್ದ ಬೇಕು? ನೆತ್ತಿ ಗೋಡೆಗಿಂತ ಎಷ್ಟು ಮೇಲೆ?

ಬಾಹು ಗುರುತಿಸಿ. 30 ಡಿಗ್ರಿ ಗೋಡೆಯ ತಲೆಯ ಮೇಲಿದೆ. ಅದರ ಎದುರು ನಿಂತಿರುವುದು ಎತ್ತರ, ಅದು ಚಿಕ್ಕದು. 3 ಮೀಟರಿನ ಅಡ್ಡಳತೆ 60ರ ಎದುರು, ಅದು ನಡುವಿನದು. ಪಕಾಸು ವಿಕರ್ಣ.

ಮೊದಲು ಚಿಕ್ಕದು: 3 ÷ √3. ಮೇಲೂ ಕೆಳಗೂ √3ರಿಂದ ಗುಣಿಸಿದರೆ 3√3 ÷ 3 = √3, ಅಂದರೆ 1.73 ಮೀಟರ್. ನೆತ್ತಿಯ ಎತ್ತರ ಸಿಕ್ಕಿತು. ಅದರ ಎರಡರಷ್ಟು ಪಕಾಸು: 2√3 = 3.46 ಮೀಟರ್.

ಆದರೆ ಪಕಾಸು ಗೋಡೆಗೇ ನಿಲ್ಲುವುದಿಲ್ಲ. ಜಡಿಮಳೆಯ ಎರಚಲು ಗೋಡೆಗೆ ಬಡಿಯದಂತೆ ಮಾಡು ಹೊರಗೆ ಚಾಚಿರಬೇಕು. ಅಡ್ಡಳತೆಯಲ್ಲಿ 90 ಸೆಂ.ಮೀ. ಚಾಚಿದರೆ ಒಟ್ಟು ಅಡ್ಡಳತೆ 3.9 ಮೀಟರ್. ಚಿಕ್ಕದು 3.9 ÷ √3 = 1.3√3, ಸುಮಾರು 2.25. ಪಕಾಸು 4.5 ಮೀಟರ್. ಅದೇ ಮಾಡನ್ನು 45 ಡಿಗ್ರಿಗೆ ಏರಿಸಿದರೆ? 3.9 × √2 = 5.5 ಮೀಟರ್. ಒಂದೊಂದು ಪಕಾಸಿಗೂ ಒಂದು ಮೀಟರ್ ಮರ ಜಾಸ್ತಿ. ಎರಡೂ ಬದಿ ಸೇರಿ ಮೂವತ್ತು ಪಕಾಸಿದ್ದರೆ ಮೂವತ್ತು ಮೀಟರ್ ಮರ. ಅದಕ್ಕೆ ತಕ್ಕಂತೆ ರೀಪು, ಹಂಚೂ ಜಾಸ್ತಿ. ಕೋನ ಬದಲಾದರೆ ಖರ್ಚು ಎಷ್ಟು ಬದಲಾಗುತ್ತದೆ ಎಂಬುದು ಮರ ತರಿಸುವ ಮೊದಲೇ ಕಾಗದದ ಮೇಲೆ ಗೊತ್ತಾಗುತ್ತದೆ.

ಕಾಪು ದೀಪಸ್ತಂಭ ಮತ್ತು ತೆಂಗಿನ ಮರ

ಎಸ್ಸೆಸ್ಸೆಲ್ಸಿಯಲ್ಲಿ ಉನ್ನತ ಕೋನದ (ತಲೆಯೆತ್ತಿ ನೋಡುವಾಗ ನೋಟದ ಗೆರೆ ಅಡ್ಡಗೆರೆಯೊಂದಿಗೆ ಮಾಡುವ ಕೋನ) ಲೆಕ್ಕಕ್ಕೆ ಒಳ್ಳೆಯ ಅಂಕ ಇರುತ್ತದೆ. "60 ಡಿಗ್ರಿಯಲ್ಲಿ ಕಾಣುತ್ತಿದ್ದ ಗೋಪುರ, ಹಿಂದೆ ಹೋದಾಗ 30 ಡಿಗ್ರಿಯಲ್ಲಿ ಕಂಡಿತು" ಎಂಬ ಮಾದರಿ ನಿಮಗೆ ಗೊತ್ತೇ ಇದೆ. ಇದನ್ನು ಉಡುಪಿ ಹತ್ತಿರದ ಕಾಪು ಕಡಲತೀರದ ದೀಪಸ್ತಂಭಕ್ಕೆ (ಲೈಟ್‌ಹೌಸ್) ಹಾಕಿ ನೋಡೋಣ. 1901ರಲ್ಲಿ ಕಟ್ಟಿದ್ದು, ಎತ್ತರ ಸುಮಾರು 27 ಮೀಟರ್. ಅದು ಬಂಡೆಯ ಮೇಲೆ ನಿಂತಿದೆ. ಲೆಕ್ಕ ಸರಳವಾಗಲು ಬಂಡೆಯ ಎತ್ತರ, ನಮ್ಮ ಕಣ್ಣಿನ ಎತ್ತರ ಎರಡನ್ನೂ ಬದಿಗಿಡೋಣ.

60 ಡಿಗ್ರಿಯಲ್ಲಿ ಕಾಣುವಾಗ ಎತ್ತರ 27 ಎಂಬುದು ನಡುವಿನ ಬಾಹು. ಬುಡಕ್ಕೆ ಇರುವ ದೂರ ಚಿಕ್ಕದು: 27 ÷ √3 = 9√3 = 15.6 ಮೀಟರ್. 30 ಡಿಗ್ರಿಯಲ್ಲಿ ಕಾಣುವಾಗ ಅದೇ 27 ಈಗ ಚಿಕ್ಕ ಬಾಹು ಆಯಿತು, ದೂರ ನಡುವಿನದು: 27√3 = 46.8 ಮೀಟರ್. ಗಮನಿಸಿ, ಎತ್ತರ ಬದಲಾಗಲಿಲ್ಲ, ಆದರೆ ತ್ರಿಭುಜದಲ್ಲಿ ಅದರ ಸ್ಥಾನ ಬದಲಾಯಿತು. ಅದಕ್ಕೇ ಎರಡು ಚಿತ್ರ ಬೇರೆ ಬೇರೆ ಬರೆಯಿರಿ ಎಂದು ನಾನು ಹಟ ಹಿಡಿಯುವುದು. ಒಂದೇ ಚಿತ್ರದಲ್ಲಿ ಎರಡೂ ಹೆಸರು ಬರೆದರೆ ಕಲಸಿಹೋಗುತ್ತದೆ.

ಹಿಂದೆ ನಡೆದ ದೂರ 46.8 − 15.6 = 31.2 ಮೀಟರ್. ಅದರ ಅರ್ಧ ಎಷ್ಟು? 15.6. ಅಂದರೆ ಮೊದಲು ನಿಂತ ಜಾಗದಿಂದ ಬುಡಕ್ಕಿದ್ದ ದೂರವೇ! ಇದು ಈ ಸಂಖ್ಯೆಗಳಲ್ಲಿ ಮಾತ್ರ ಆಗುವುದಲ್ಲ, ಯಾವಾಗಲೂ ಹೀಗೆಯೇ. ಎರಡು ನಿಂತ ಜಾಗ ಮತ್ತು ತುದಿ ಸೇರಿಸಿ ಒಂದು ತ್ರಿಭುಜ ಮಾಡಿ. ದೂರದ ಜಾಗದಲ್ಲಿ 30 ಡಿಗ್ರಿ. ಹತ್ತಿರದ ಜಾಗದಲ್ಲಿ 180 − 60 = 120. ಉಳಿದದ್ದು ತುದಿಯಲ್ಲಿ 30. ಎರಡು ಕೋನ ಸಮ, ಆದ್ದರಿಂದ ಇದು ಸಮದ್ವಿಬಾಹು ತ್ರಿಭುಜ. ನಡೆದ ದೂರ ಮತ್ತು ಹತ್ತಿರದ ಜಾಗದಿಂದ ತುದಿಗಿರುವ ಓರೆ ದೂರ ಒಂದೇ. ಆ ಓರೆ ದೂರ ಹತ್ತಿರದ ತ್ರಿಭುಜದ ವಿಕರ್ಣ, ಅದರ ಅರ್ಧ ಚಿಕ್ಕ ಬಾಹು.

ಇದನ್ನು ಮನೆಯ ತೆಂಗಿನ ಮರದ ಮೇಲೆ ಪ್ರಯೋಗಿಸಬಹುದು. ಬುಡದವರೆಗೆ ಟೇಪು ಎಳೆಯಲು ಆಗದಂತೆ ಕೆಸರೋ ಬೇಲಿಯೋ ಇದ್ದರೂ ಅಡ್ಡಿಯಿಲ್ಲ, ನೀವು ಹಿಂದೆ ನಡೆಯುವ ಜಾಗ ಸಮತಟ್ಟಾಗಿದ್ದರೆ ಸಾಕು.

1. ಸಪೂರದ ಮೂಲೆಮಟ್ಟದ 30 ಡಿಗ್ರಿ ಮೂಲೆಗೆ ದಾರ ಅಂಟಿಸಿ, ತುದಿಗೆ ಸಣ್ಣ ಕಲ್ಲು ಕಟ್ಟಿ.
2. 60 ಡಿಗ್ರಿ ಮೂಲೆಯನ್ನು ಕಣ್ಣಿನ ಹತ್ತಿರ ಹಿಡಿಯಿರಿ. ಚಿಕ್ಕ ಬಾಹು ಅಡ್ಡ ಇರಲಿ, ನಡುವಿನದು ನೇರ ನಿಲ್ಲಲಿ. ದಾರ ನಡುವಿನ ಬಾಹುವಿನ ಗುಂಟ ಇಳಿದರೆ ಸರಿಯಾಗಿ ಹಿಡಿದಿದ್ದೀರಿ ಎಂದರ್ಥ.
3. ವಿಕರ್ಣದ ಗುಂಟ ನೋಡುತ್ತಾ, ಮರದ ತುದಿ ಅದೇ ಗೆರೆಗೆ ಬರುವವರೆಗೆ ಹಿಂದೆ ಮುಂದೆ ಸರಿಯಿರಿ. ಆ ಜಾಗಕ್ಕೆ ಒಂದು ಕಲ್ಲಿಡಿ.
4. ದಾರವನ್ನು 60 ಡಿಗ್ರಿ ಮೂಲೆಗೆ ಬದಲಿಸಿ. ಈಗ 30 ಡಿಗ್ರಿ ಮೂಲೆ ಕಣ್ಣಿನ ಬಳಿ, ನಡುವಿನ ಬಾಹು ಅಡ್ಡ, ಚಿಕ್ಕದು ನೇರ. ನೇರ ಹಿಂದೆ ನಡೆದು ತುದಿ ಮತ್ತೆ ಗೆರೆಗೆ ಬರುವ ಜಾಗ ಹುಡುಕಿ.
5. ಎರಡು ಜಾಗದ ನಡುವಿನ ದೂರ ಅಳೆಯಿರಿ.

ಆ ದೂರ 12 ಮೀಟರ್ ಬಂತು ಎನ್ನಿ. ಅರ್ಧ 6, ಅದು ಚಿಕ್ಕ ಬಾಹು. ಕಣ್ಣಿನಿಂದ ಮೇಲಿನ ಎತ್ತರ 6√3 = 10.4 ಮೀಟರ್. ನಿಮ್ಮ ಕಣ್ಣು ನೆಲದಿಂದ 1.5 ಮೀಟರ್ ಇದ್ದರೆ ಅದನ್ನು ಸೇರಿಸಿ. ಮರ ಸುಮಾರು 11.9 ಮೀಟರ್. ಕೈ ನಡುಗಿ ಸ್ವಲ್ಪ ಆಚೀಚೆ ಆಗುತ್ತದೆ, ಹಾಗಾಗಿ ಒಬ್ಬರು ಗುರಿ ಹಿಡಿಯಲಿ, ಇನ್ನೊಬ್ಬರು ದಾರ ನೋಡಲಿ.

ಮಲ್ಪೆಯ ಆಚೆ: ಷಡ್ಭುಜದೊಳಗಿನ ತ್ರಿಭುಜಗಳು

ಮಲ್ಪೆಯಿಂದ ದೋಣಿಯಲ್ಲಿ ಸೇಂಟ್ ಮೇರೀಸ್ ದ್ವೀಪಕ್ಕೆ ಹೋದವರು ಅಲ್ಲಿನ ಕಲ್ಲಿನ ಕಂಬಗಳನ್ನು ನೋಡಿರುತ್ತೀರಿ. ಲಾವಾ ತಣ್ಣಗಾಗುತ್ತಾ ಕುಗ್ಗಿ, ಬಿರುಕು ಬಿಟ್ಟು ಆದ ಕಂಬಗಳವು. ಕೆಲವಕ್ಕೆ ಐದು ಮುಖ, ಕೆಲವಕ್ಕೆ ಏಳು, ಆರು ಮುಖದವೂ ಇವೆ. ಸರಿಯಾದ ಷಡ್ಭುಜ ಎಂದುಕೊಂಡರೆ ಅದರ ತಲೆಯ ಮೇಲೆ ನಡುವಿನಿಂದ ಆರು ಮೂಲೆಗೆ ಗೆರೆ ಎಳೆದಾಗ ಆರು ಸಮಬಾಹು ತ್ರಿಭುಜ. ಒಂದೊಂದನ್ನೂ ಅರ್ಧ ಮಾಡಿದರೆ ಹನ್ನೆರಡು 30-60-90.

ಒಂದು ಮುಖ 30 ಸೆಂ.ಮೀ. ಅಗಲ ಇದ್ದರೆ ಮೂಲೆಯಿಂದ ಎದುರು ಮೂಲೆಗೆ 60 ಸೆಂ.ಮೀ. ಮುಖದಿಂದ ಎದುರು ಮುಖಕ್ಕೆ? ಚಿಕ್ಕ ಬಾಹು 15, ನಡುವಿನದು 15√3, ಅಂಥವು ಎರಡು: 30√3, ಸುಮಾರು 52 ಸೆಂ.ಮೀ. ತಿರುಗಿಸಿದರೆ, ಮುಖದಿಂದ ಮುಖಕ್ಕೆ 45 ಸೆಂ.ಮೀ. ಬಂದರೆ ಅರ್ಧ 22.5 ಎಂಬುದು ನಡುವಿನ ಬಾಹು. ಚಿಕ್ಕದು 22.5 ÷ √3 = 7.5√3. ವಿಕರ್ಣ 15√3, ಅಂದರೆ 26 ಸೆಂ.ಮೀ. ಅದೇ ಮುಖದ ಅಗಲ.

ತಪ್ಪು ಎಲ್ಲಿ ಆಗುತ್ತದೆ

ನಡುವಿನ ಬಾಹುವನ್ನು ಎರಡರಿಂದ ಗುಣಿಸಿ ವಿಕರ್ಣ ಎಂದು ಬರೆಯುವುದು ಅತಿ ಸಾಮಾನ್ಯ. ಎರಡರಷ್ಟು ಆಗುವುದು ಚಿಕ್ಕದರದ್ದು ಮಾತ್ರ. ಇನ್ನೊಂದು, ಎರಡು ತ್ರಿಭುಜದ √2 ಮತ್ತು √3 ಅದಲುಬದಲು ಮಾಡುವುದು. ಚೌಕದ ಅರ್ಧ ಎಂದಾಗ ಎರಡು ಸಮ ಬದಿ, 1 + 1 = 2, ಆದ್ದರಿಂದ √2. ಹೀಗೆ ನೆನಪಿಟ್ಟರೆ ತಪ್ಪುವುದಿಲ್ಲ.

3-4-5 ತ್ರಿಭುಜವನ್ನು 30-60-90 ಎಂದು ತಿಳಿಯುವವರೂ ಇದ್ದಾರೆ. ಅದೂ ವಿಶೇಷ ತ್ರಿಭುಜವೇ, ಮನೆಯ ಪಾಯ ಹಾಕುವಾಗ ಮೂಲೆ 90 ಡಿಗ್ರಿ ಇದೆಯೇ ಎಂದು ಮೇಸ್ತ್ರಿಗಳು ನೋಡುವುದು ಅದರಿಂದಲೇ. ಆದರೆ ಅದರ ಕೋನಗಳು ಸುಮಾರು 36.9 ಮತ್ತು 53.1 ಡಿಗ್ರಿ. 30-60-90ರಲ್ಲಿ ಮೂರೂ ಬಾಹು ಪೂರ್ಣಸಂಖ್ಯೆ ಆಗಲು ಸಾಧ್ಯವೇ ಇಲ್ಲ, √3 ಎಲ್ಲೋ ಒಂದು ಕಡೆ ಇರಲೇಬೇಕು.

ಉತ್ತರ ಬಂದ ಮೇಲೆ ದಶಮಾಂಶಕ್ಕೆ ತಿರುಗಿಸಿ ನೋಡಿ. ಚಿಕ್ಕದು ಎಲ್ಲಕ್ಕಿಂತ ಚಿಕ್ಕದಾಗಿದೆಯೇ, ವಿಕರ್ಣ ಎಲ್ಲಕ್ಕಿಂತ ದೊಡ್ಡದಾಗಿದೆಯೇ? 8√3 ದೊಡ್ಡದೋ 12 ದೊಡ್ಡದೋ ಎಂದು ಕಣ್ಣಿಗೆ ಥಟ್ಟನೆ ಹೊಳೆಯುವುದಿಲ್ಲ. 13.86 ಎಂದು ಬರೆದಾಗ ಹೊಳೆಯುತ್ತದೆ.

ಪಠ್ಯದ ತ್ರಿಕೋನಮಿತಿ ಕೋಷ್ಟಕವೂ ಇವೇ ಎರಡು ಚಿತ್ರಗಳಿಂದ ಬಂದದ್ದು. ಸೈನ್ 30 ಅಂದರೆ ಚಿಕ್ಕದು ಭಾಗಿಸು ವಿಕರ್ಣ, 1/2. ಟ್ಯಾನ್ 60 ಅಂದರೆ ನಡುವಿನದು ಭಾಗಿಸು ಚಿಕ್ಕದು, √3. ಟ್ಯಾನ್ 45 ಚೌಕದ ಎರಡು ಬದಿ, 1.

ಕೈಯಾರೆ ಮಾಡಿ ನೋಡಿ

1. ಚೌಕಾಕಾರದ ಅಂಗಳದ ಕರ್ಣ 10 ಮೀಟರ್. ಬದಿ ಎಷ್ಟು?
2. 30-60-90 ತ್ರಿಭುಜದಲ್ಲಿ 60ರ ಎದುರಿನ ಬಾಹು 12. ಉಳಿದೆರಡು?
3. ಸಮಬಾಹು ತ್ರಿಭುಜದ ಬದಿ 8. ಎತ್ತರ ಮತ್ತು ವಿಸ್ತೀರ್ಣ?
4. ಲಾರಿಯ ಹಿಂಬದಿ ನೆಲದಿಂದ 1.2 ಮೀಟರ್ ಎತ್ತರ. ಸಾಮಾನು ಏರಿಸುವ ಹಲಗೆ ನೆಲಕ್ಕೆ 30 ಡಿಗ್ರಿ. ಹಲಗೆಯ ಉದ್ದ ಎಷ್ಟು, ಅದರ ಕೆಳತುದಿ ಲಾರಿಯಿಂದ ಎಷ್ಟು ದೂರ?
5. ಒಂದು 30-60-90 ತ್ರಿಭುಜದ ನಡುವಿನ ಬಾಹುವೇ ಪಕ್ಕದ 45-45-90 ತ್ರಿಭುಜದ ವಿಕರ್ಣ. ಮೊದಲನೆಯದರ ಚಿಕ್ಕ ಬಾಹು 6. ಎರಡನೆಯದರ ಬದಿ ಎಷ್ಟು?

ಉತ್ತರಗಳು: ಮೊದಲನೆಯದು 5√2, ಅಂದರೆ 7.07 ಮೀಟರ್. ಎರಡನೆಯದು 4√3 ಮತ್ತು 8√3. ಮೂರನೆಯದರ ಎತ್ತರ 4√3, ವಿಸ್ತೀರ್ಣ 16√3. ನಾಲ್ಕನೆಯದರಲ್ಲಿ ಹಲಗೆ 2.4 ಮೀಟರ್, ದೂರ 2.08 ಮೀಟರ್. ಐದನೆಯದು 3√6, ಸುಮಾರು 7.35. ಇದು ಬರಲಿಲ್ಲವೆಂದರೆ ಎರಡು ತ್ರಿಭುಜ ಅಂಟಿಕೊಂಡಿರುವ ಗೆರೆಯ ಮೇಲೆ 6√3 ಎಂದು ಬರೆಯಿರಿ, ಆಮೇಲೆ ಮೊದಲ ತ್ರಿಭುಜವನ್ನು ಕೈಯಿಂದ ಮುಚ್ಚಿ ಎರಡನೆಯದನ್ನು ಮಾತ್ರ ನೋಡಿ.